ಮಾತ್ರೆ ನಾಟಲಿಲ್ಲ ಅಂದಮೇಲೆ ಏನು? ಒಸಿಡಿ ಮತ್ತು ಮುಂದಿನ ದಾರಿಗಳು

“ಎಲ್ಲ ಮಾತ್ರೆ ನುಂಗಿ ಆಯ್ತು, ಏನೂ ಪ್ರಯೋಜನ ಆಗ್ಲಿಲ್ಲ.” ಒಸಿಡಿ, ಅಂದರೆ ಗೀಳು ಕಾಯಿಲೆ, ಇರುವವರ ಮನೆಗಳಲ್ಲಿ ಈ ಮಾತು ಸಾಮಾನ್ಯ. ಸ್ವಲ್ಪ ಕೆದಕಿ ಕೇಳಿದರೆ ಕಥೆ ಬೇರೆಯೇ ಇರುತ್ತದೆ. ಮೊದಲನೆಯ ಮಾತ್ರೆ ಮೂರೇ ವಾರಕ್ಕೆ ನಿಂತಿದೆ, ಹೊಟ್ಟೆ ತೊಳಸುತ್ತೆ ಅಂತ. ಎರಡನೆಯದು ವರ್ಷಗಟ್ಟಲೆ ನಡೆದಿದೆ, ಆದರೆ ಖಿನ್ನತೆಗೆ ಕೊಡುವಷ್ಟೇ ಡೋಸಿನಲ್ಲಿ. ಥೆರಪಿ ಆಗಿದೆಯಾ ಅಂದರೆ, ಆಗಿದೆ: ಯಾರೋ ಕೂರಿಸಿಕೊಂಡು “ಪಾಸಿಟಿವ್ ಆಗಿ ಯೋಚನೆ ಮಾಡಿ, ಯೋಗ ಮಾಡಿ” ಅಂದಿದ್ದಾರೆ. ಇಂಥ ಕಡೆ ಚಿಕಿತ್ಸೆ ಸೋತಿದೆ ಅನ್ನಲು ಬರುವುದಿಲ್ಲ. ಅದು ಸರಿಯಾಗಿ ಶುರುವೇ ಆಗಿಲ್ಲ.

ಹಾಗಂತ ಎಲ್ಲವನ್ನೂ ಸರಿಯಾಗಿ ಮಾಡಿಯೂ ಗುಣ ಕಾಣದವರು ಇಲ್ಲವೆಂದಲ್ಲ. ಇದ್ದಾರೆ, ಕಡಿಮೆ ಜನರೇನೂ ಅಲ್ಲ. ಅವರಿಗೂ ದಾರಿಗಳಿವೆ, ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿರುವುದಕ್ಕಿಂತ ಜಾಸ್ತಿಯೇ ಇವೆ. ತಾನು ಈ ಎರಡರಲ್ಲಿ ಯಾವ ಗುಂಪು ಅಂತ ಕಂಡುಕೊಳ್ಳುವುದು ಮೊದಲ ಕೆಲಸ. ಅದಕ್ಕೂ ಮುಂಚೆ ಕಾಯಿಲೆ ಹೇಗೆ ನಡೆಯುತ್ತದೆ ಅಂತ ನೋಡಿಬಿಡೋಣ. ಇದು ಗೊತ್ತಾಗದೆ ಚಿಕಿತ್ಸೆ ಯಾಕೆ ಹಾಗಿದೆ ಅನ್ನುವುದು ಗೊತ್ತಾಗುವುದಿಲ್ಲ.

ತಲೆಯೊಳಗೆ ನಡೆಯುವುದು

ಒಸಿಡಿಗೆ ಎರಡು ಭಾಗ. ಒಂದು, ಬೇಡ ಬೇಡ ಅಂದರೂ ಮತ್ತೆ ಮತ್ತೆ ನುಗ್ಗುವ ಯೋಚನೆ, ಚಿತ್ರ ಅಥವಾ ತುಡಿತ. ಇನ್ನೊಂದು, ಅದು ಹುಟ್ಟಿಸಿದ ತಳಮಳ ತಗ್ಗಲಿ ಅಂತ ಮಾಡುವ ಕೆಲಸ. ಕೈ ತೊಳೆಯುವುದು, ಬೀಗ ಎಳೆದು ನೋಡುವುದು, ಎಣಿಸುವುದು, ವಸ್ತುಗಳನ್ನು ಸಮನಾಗಿ ಜೋಡಿಸುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಮನಸ್ಸಿನೊಳಗೇ ದೇವರ ಹೆಸರನ್ನು ಇಂತಿಷ್ಟು ಸಲ ಹೇಳಿಕೊಳ್ಳುವುದು, ಬೆಳಿಗ್ಗೆ ನಡೆದದ್ದನ್ನು ಮೊದಲಿಂದ ಕೊನೆವರೆಗೆ ನೆನಪು ಮಾಡಿಕೊಂಡು ತಪ್ಪು ಹುಡುಕುವುದು ಯಾರಿಗೂ ಕಾಣುವುದಿಲ್ಲ. ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಹೊತ್ತು ಇದರಲ್ಲೇ ಕಳೆಯುತ್ತಿದ್ದರೆ, ಅಥವಾ ಓದು, ಕೆಲಸ, ಸಂಸಾರ ಕೆಡುತ್ತಿದ್ದರೆ ವೈದ್ಯರು ಅದನ್ನು ಕಾಯಿಲೆ ಎಂದು ಗುರುತಿಸುತ್ತಾರೆ. ಜೀವಮಾನದಲ್ಲಿ ನೂರಕ್ಕೆ ಇಬ್ಬರು ಮೂವರಿಗೆ ಬರುತ್ತದೆ. ಶುರುವಾಗುವುದು ಹೆಚ್ಚಾಗಿ ಹೈಸ್ಕೂಲು, ಕಾಲೇಜಿನ ವಯಸ್ಸಿನಲ್ಲಿ.

ಯೋಚನೆ ಬರುವುದೇ ಕಾಯಿಲೆ ಅಂತ ಬಹಳ ಜನ ಅಂದುಕೊಂಡಿರುತ್ತಾರೆ. 1978ರಲ್ಲಿ ಲಂಡನ್ನಿನಲ್ಲಿ ರಾಕ್‌ಮನ್ ಮತ್ತು ಶ್ರೀಲಂಕಾ ಮೂಲದ ಪದ್ಮಲ್ ಡಿ ಸಿಲ್ವಾ ಎಂಬ ಮನಶ್ಶಾಸ್ತ್ರಜ್ಞರು ಕಾಯಿಲೆ ಇಲ್ಲದ ಜನರನ್ನು ಕೂರಿಸಿಕೊಂಡು, ನಿಮ್ಮ ತಲೆಗೆ ಎಂಥೆಂಥ ಕೆಟ್ಟ ಯೋಚನೆಗಳು ಬರುತ್ತವೆ ಅಂತ ಕೇಳಿದರು. ಹೆಚ್ಚಿನವರು ಬರುತ್ತವೆ ಅಂದರು. ಎತ್ತರದಲ್ಲಿ ನಿಂತಾಗ ಹಾರಿಬಿಡಲಾ ಅನ್ನಿಸುವುದು, ಪ್ರೀತಿಯವರಿಗೆ ಏಟು ಬಿದ್ದ ಚಿತ್ರ ಕಣ್ಣ ಮುಂದೆ ಬರುವುದು, ಎಲ್ಲವೂ ಇತ್ತು. ಒಸಿಡಿ ಇರುವವರ ಯೋಚನೆಗಳೂ ಹೆಚ್ಚುಕಡಿಮೆ ಅವೇ. ವ್ಯತ್ಯಾಸ ಇರುವುದು ಆಮೇಲೆ ನಡೆಯುವುದರಲ್ಲಿ. ನಿಮಗೆ ಬಂದರೆ “ಛೆ, ಎಂಥ ಯೋಚನೆ” ಅಂತ ಅದನ್ನು ಬಿಟ್ಟು ಕಾಫಿ ಕುಡಿಯಲು ಹೋಗುತ್ತೀರಿ. ಅವರು ಅಲ್ಲೇ ನಿಂತುಬಿಡುತ್ತಾರೆ. ಈ ಯೋಚನೆ ಯಾಕೆ ಬಂತು? ನಾನು ಅಂಥವಳಾ? ನಿಜವಾಗಿಯೂ ಮಾಡಿಬಿಟ್ಟರೆ?

ಅದೂ ಈ ಕಾಯಿಲೆ ಹಿಡಿದುಕೊಳ್ಳುವುದು ನಮಗೆ ಅತಿ ಬೇಕಾದದ್ದನ್ನೇ. ಬಾಣಂತಿಗೆ ಮಗುವನ್ನು ಎಲ್ಲಿ ಎತ್ತಿ ಹಾಕಿಬಿಡುತ್ತೇನೋ ಅನ್ನುವ ಚಿತ್ರ. ದೈವಭಕ್ತರಿಗೆ ಮಂಗಳಾರತಿ ಹೊತ್ತಿನಲ್ಲೇ ದೇವರ ಬಗ್ಗೆ ಹೇಳಬಾರದ ಮಾತು. ಇಂಥ ಯೋಚನೆಗೆ ನಡುಗಿಹೋಗುವ ತಾಯಿ ಮಗುವಿಗೆ ಅಪಾಯ ಮಾಡುವವಳಲ್ಲ. ಅವಳು ಮಗುವನ್ನು ಎತ್ತಿಕೊಳ್ಳಲೇ ಹೆದರುತ್ತಿರುತ್ತಾಳೆ. ಆದರೆ ಬಾಣಂತಿಗೆ ಮಾತು ತಪ್ಪಿ, ನಿದ್ದೆ ಪೂರ್ತಿ ಹೋಗಿ, ಮಗುವಿನಲ್ಲಿ ಏನೋ ಸೇರಿಕೊಂಡಿದೆ ಅಂತ ನಿಜವಾಗಿ ನಂಬಲು ಶುರುವಾಗಿದ್ದರೆ ಅದು ಬೇರೆ ಕಾಯಿಲೆ. ಅಂಥದ್ದಕ್ಕೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ತೊಳೆದಾಗ, ನೋಡಿ ಬಂದಾಗ ತಳಮಳ ಇಳಿಯುತ್ತದೆ. ಐದು ನಿಮಿಷ. ಆಮೇಲೆ ಮತ್ತೆ. ಗಜಕರ್ಣ ಆದವರಿಗೆ ಗೊತ್ತು, ತುರಿಸಿದಾಗ ಎಷ್ಟು ಹಿತವೋ ಅಷ್ಟೇ ಬೇಗ ತುರಿಕೆ ವಾಪಸ್ ಬರುತ್ತದೆ, ಜಾಗ ಇನ್ನಷ್ಟು ಅಗಲ ಆಗಿರುತ್ತದೆ. ಕೆಲಸ ಮಾಡಿದ್ದರಿಂದಲೇ ಬಚಾವಾದೆ ಅಂತ ಮೆದುಳು ಕಲಿತುಕೊಳ್ಳುತ್ತದೆ. ಹಾಗಾಗಿ ಮುಂದಿನ ಸಲ ಇನ್ನೂ ಜೋರಾಗಿ ಕೂಗುತ್ತದೆ.

ಮೆದುಳಿನಲ್ಲಿ ಇದಕ್ಕೊಂದು ಜಾಗವೂ ಇದೆ. ಕಣ್ಣಿನ ಗೂಡಿನ ಮೇಲ್ಗಡೆ ಇರುವ ಮುಂಭಾಗ, ಒಳಗಿನ ಕಾಡೇಟ್ ಎಂಬ ಗಂಟು, ಇನ್ನೂ ಒಳಗಿನ ಥಾಲಮಸ್, ಈ ಮೂರರ ನಡುವೆ ಸುತ್ತುವ ಒಂದು ಜಾಲ. “ಏನೋ ಸರಿಯಿಲ್ಲ” ಅನ್ನುವ ಸಂದೇಶ ಅಲ್ಲಿ ಓಡಾಡುತ್ತದೆ. ಒಸಿಡಿಯಲ್ಲಿ ಈ ಜಾಲದ ಚಟುವಟಿಕೆ ಮಿತಿಮೀರಿರುತ್ತದೆ. 1992ರಲ್ಲಿ ಅಮೆರಿಕದ ಲಾಸ್ ಏಂಜಲೀಸಿನ ಬ್ಯಾಕ್ಸ್‌ಟರ್ ತಂಡ ಮಾಡಿದ ಒಂದು ಪ್ರಯೋಗ ನನಗೆ ಬಹಳ ಇಷ್ಟ. ಕೆಲವರಿಗೆ ಫ್ಲುಆಕ್ಸೆಟಿನ್ ಮಾತ್ರೆ ಕೊಟ್ಟರು, ಇನ್ನು ಕೆಲವರಿಗೆ ಮಾತ್ರೆಯಿಲ್ಲದೆ ವರ್ತನಾ ಚಿಕಿತ್ಸೆ ಮಾತ್ರ. ಮೊದಲೂ ಆಮೇಲೂ ಮೆದುಳಿನ ಸ್ಕ್ಯಾನ್ ಮಾಡಿದರು. ಗುಣವಾದವರಲ್ಲಿ, ಯಾವ ಗುಂಪಿನವರಾದರೂ ಸರಿ, ಬಲಗಡೆಯ ಕಾಡೇಟ್‌ನ ಚಟುವಟಿಕೆ ಇಳಿದಿತ್ತು. ಥೆರಪಿ ಅಂದರೆ ಸುಮ್ನೆ ಸಮಾಧಾನದ ಮಾತು ಅನ್ನುವವರಿಗೆ ಇದನ್ನು ಹೇಳಬೇಕು.

ಮಡಿಯ ಹಿಂದೆ ಅಡಗಿದಾಗ

ನಮ್ಮ ಕಡೆ ಈ ಕಾಯಿಲೆ ತಡವಾಗಿ ಗೊತ್ತಾಗುವುದಕ್ಕೆ ಒಂದು ಕಾರಣ, ಅದಕ್ಕೆ ಅಡಗಲು ಒಳ್ಳೆಯ ಜಾಗಗಳು ಇರುವುದು. ಅತ್ತೆ ದಿನಕ್ಕೆ ಮೂರು ಸಲ ಸ್ನಾನ ಮಾಡಿದರೆ “ಅವರಿಗೆ ಮಡಿ ಜಾಸ್ತಿ” ಅನ್ನುತ್ತೇವೆ. ಮುಸುರೆ, ಎಂಜಲು, ಮೈಲಿಗೆ ಎಲ್ಲಕ್ಕೂ ಮೊದಲೇ ನಿಯಮ ಇದೆ. ಹಾಗಾದರೆ ಮಡಿಗೂ ಕಾಯಿಲೆಗೂ ಗೆರೆ ಎಲ್ಲಿ? ಮಡಿಯವರಿಗೆ ಒಂದು ಸಲ ಸ್ನಾನ ಮಾಡಿ, ಒಣಗಿಸಿದ ಬಟ್ಟೆ ಉಟ್ಟರೆ ಮುಗಿಯಿತು, ನೆಮ್ಮದಿಯಾಗಿ ಪೂಜೆಗೆ ಕೂರುತ್ತಾರೆ. ಒಸಿಡಿಯಲ್ಲಿ ಮುಗಿಯುವುದೇ ಇಲ್ಲ. ಸ್ನಾನ ಮಾಡಿ ಬಂದು, ಬಾಗಿಲ ಚಿಲಕ ಮುಟ್ಟಿದೆನಾ ಅಂತ ಅನುಮಾನ ಬಂದು ಮತ್ತೆ ಬಚ್ಚಲಿಗೆ ಹೋಗುತ್ತಾರೆ. ಪೂಜೆ ಅಲ್ಲೇ ಉಳಿಯುತ್ತದೆ.

ಇನ್ನೊಂದು ಜಾಗ ಮನೆಯವರ ಪ್ರೀತಿ.

“ಅಮ್ಮಾ, ನಾನು ಸರಿಯಾಗಿ ತೊಳ್ಕೊಂಡೆ ಅಲ್ವಾ?”

“ತೊಳ್ಕೊಂಡಿದೀಯ ಕಣಪ್ಪಾ.”

“ನೀನು ನೋಡಿದ್ಯಾ?”

“ನೋಡ್ದೆ ಕಣೋ.”

“ಸೋಪು ಹಾಕಿದ್ದು ನೋಡಿದ್ಯಾ?”

ಈ ಮಾತು ರಾತ್ರಿ ಹನ್ನೊಂದಕ್ಕೂ ನಡೆಯುತ್ತಿರುತ್ತದೆ. ಅಮ್ಮನಿಗೆ ಬೇರೆ ದಾರಿ ಕಾಣುವುದಿಲ್ಲ. ಉತ್ತರ ಕೊಡದಿದ್ದರೆ ಹುಡುಗ ಅಳುತ್ತಾನೆ, ಕೊಟ್ಟರೆ ಹತ್ತು ನಿಮಿಷ ಶಾಂತಿ. ಆಮೇಲೆ ಮನೆಯವರೆಲ್ಲ ಹೊರಗಿಂದ ಬಂದ ಕೂಡಲೇ ಬಟ್ಟೆ ಬದಲಿಸಲು ಶುರು ಮಾಡುತ್ತಾರೆ, ಪೇಪರ್ ತರಿಸುವುದು ನಿಲ್ಲಿಸುತ್ತಾರೆ, ನೆಂಟರನ್ನು ಕರೆಯುವುದು ಬಿಡುತ್ತಾರೆ. ಹೀಗೆ ಮನೆ ಕಾಯಿಲೆಗೆ ಹೊಂದಿಕೊಳ್ಳುತ್ತಾ ಹೋದಷ್ಟೂ ಚಿಕಿತ್ಸೆ ನಾಟುವುದು ಕಷ್ಟ. ಮಾತ್ರೆ ಸೋತಿದೆ ಅಂತ ತೀರ್ಮಾನಿಸುವ ಮುಂಚೆ ಇದನ್ನೂ ನೋಡಬೇಕು.

ಮೊದಲ ಸುತ್ತಿನ ಚಿಕಿತ್ಸೆ ಅಂದರೆ ಯಾವುದು

ಎರಡು: ಮಾತ್ರೆ, ಮತ್ತು ಇಆರ್‌ಪಿ ಎಂಬ ಥೆರಪಿ.

ಮಾತ್ರೆಗಳು ಸೆರೊಟೊನಿನ್ ಮೇಲೆ ಕೆಲಸ ಮಾಡುವಂಥವು. ಫ್ಲುಆಕ್ಸೆಟಿನ್, ಸೆರ್ಟ್ರಲಿನ್, ಫ್ಲುವೊಕ್ಸಮಿನ್, ಪ್ಯಾರೊಕ್ಸೆಟಿನ್, ಎಸಿಟಾಲೊಪ್ರಾಮ್. ಇವೇ ಖಿನ್ನತೆಗೂ ಕೊಡುವ ಮಾತ್ರೆಗಳು. ಗೊಂದಲ ಶುರುವಾಗುವುದೂ ಇಲ್ಲೇ. ಖಿನ್ನತೆಗೆ ಫ್ಲುಆಕ್ಸೆಟಿನ್ 20 ಮಿಲಿಗ್ರಾಂ ಸಾಕಾಗಬಹುದು, ಒಸಿಡಿಗೆ 60ರಿಂದ 80 ಬೇಕಾಗುವುದು ಸಾಮಾನ್ಯ. ಸೆರ್ಟ್ರಲಿನ್ 50ರಲ್ಲಿ ನಿಂತಿದ್ದರೆ ಅದನ್ನು 200ರವರೆಗೆ ಏರಿಸಲು ಜಾಗ ಇದೆ. ಖಿನ್ನತೆ ನಾಲ್ಕಾರು ವಾರದಲ್ಲಿ ತಗ್ಗಲು ಶುರುವಾದರೆ, ಒಸಿಡಿಗೆ ಎಂಟರಿಂದ ಹನ್ನೆರಡು ವಾರ ಕಾಯಬೇಕು, ಅದೂ ಸಾಕಷ್ಟು ಡೋಸಿನಲ್ಲಿ. ಮೊದಲ ವಾರಗಳಲ್ಲಿ ಹೊಟ್ಟೆ ತೊಳಸುವುದು, ತಲೆನೋವು, ನಿದ್ದೆ ಏರುಪೇರು ಇರುತ್ತದೆ, ಬಹಳ ಮಟ್ಟಿಗೆ ತಾನಾಗಿ ಹೋಗುತ್ತದೆ. ಲೈಂಗಿಕ ಆಸಕ್ತಿ ಕುಗ್ಗುವುದು ಮಾತ್ರ ಉಳಿದುಬಿಡಬಹುದು. ಅದನ್ನು ಹೇಳಿಕೊಳ್ಳಲು ನಾಚಿ ಮಾತ್ರೆಯನ್ನೇ ಬಿಟ್ಟುಬಿಡುವವರಿದ್ದಾರೆ. ವೈದ್ಯರಿಗೆ ಇದು ಹೊಸದಲ್ಲ, ಹೇಳಿದರೆ ದಾರಿ ಹುಡುಕುತ್ತಾರೆ. ಡೋಸ್ ಏರಿಸುವುದು, ಇಳಿಸುವುದು, ನಿಲ್ಲಿಸುವುದು ಯಾವುದನ್ನೂ ಸ್ವಂತಕ್ಕೆ ಮಾಡಬೇಡಿ.

ಮೊದಲ ಮಾತ್ರೆಗೆ ಸುಮಾರು ಅರ್ಧದಷ್ಟು ಜನರಿಗೆ ಗುಣ ಕಾಣುತ್ತದೆ. ಗುಣ ಅಂದರೆ ಎಷ್ಟು ಅಂತಲೂ ತಿಳಿದಿರಲಿ. ವೈದ್ಯರು ಯೇಲ್-ಬ್ರೌನ್ ಎಂಬ ಅಳತೆಯಿಂದ 0ರಿಂದ 40ರವರೆಗೆ ಅಂಕ ಹಾಕುತ್ತಾರೆ. 16ರಿಂದ ಮೇಲೆ ಮಧ್ಯಮ, 24ರಿಂದ ತೀವ್ರ, 32ರಿಂದ ಅತಿ ತೀವ್ರ. ಈ ಅಂಕ ನೂರಕ್ಕೆ 35ರಷ್ಟು ಇಳಿದರೆ ಚಿಕಿತ್ಸೆ ನಾಟಿದೆ ಅನ್ನುತ್ತಾರೆ. 30 ಇದ್ದವರು 19ಕ್ಕೆ ಬಂದರೂ ಪುಸ್ತಕದ ಲೆಕ್ಕದಲ್ಲಿ ಗೆಲುವೇ. ಆದರೆ 19 ಅಂದರೆ ಕಾಯಿಲೆ ಇನ್ನೂ ಇದೆ. ಕೆಲಸಕ್ಕೆ ಹೋಗುವಷ್ಟಾಗಿದೆ, ಕಷ್ಟ ತಪ್ಪಿಲ್ಲ. “ಮಾತ್ರೆ ಕೆಲಸ ಮಾಡ್ತಿದೆ” ಅಂತ ವೈದ್ಯರು, “ಏನೂ ಆಗಿಲ್ಲ” ಅಂತ ರೋಗಿ, ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು.

ಇನ್ನು ಇಆರ್‌ಪಿ. ಹೆದರಿಕೆಯ ಎದುರು ಬೇಕೆಂದೇ ನಿಲ್ಲುವುದು, ನಿಂತು ಆ ತೊಳೆಯುವ ಅಥವಾ ಪರೀಕ್ಷಿಸುವ ಕೆಲಸವನ್ನು ಮಾಡದೆ ಇರುವುದು. 1966ರಲ್ಲಿ ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ವಿಕ್ಟರ್ ಮೇಯರ್ ಇದನ್ನು ಇಬ್ಬರು ರೋಗಿಗಳ ಮೇಲೆ ಮಾಡಿ ಪ್ರಕಟಿಸಿದರು. ತೊಳೆಯುವ ಗೀಳಿದ್ದ ರೋಗಿಯ ಕೋಣೆಯ ನಲ್ಲಿಯನ್ನೇ ಬಂದ್ ಮಾಡಿಸಿದ್ದರು. ಈಗ ಹಾಗೆ ಬಲವಂತ ಮಾಡುವುದಿಲ್ಲ. ರೋಗಿಯೇ ಒಪ್ಪಿ, ತಾನೇ ಪಟ್ಟಿ ಬರೆದು, ಸುಲಭದ್ದರಿಂದ ಶುರು ಮಾಡುತ್ತಾರೆ.

ಹತ್ತಿರದಿಂದ ನೋಡಿದರೆ ಹೀಗಿರುತ್ತದೆ. ಚಪ್ಪಲಿ ಮುಟ್ಟಿದರೆ ಕೊಳೆ ಹತ್ತುತ್ತದೆ ಅನ್ನುವ ಒಬ್ಬ ಕಾಲೇಜು ಹುಡುಗಿ ಅಂದುಕೊಳ್ಳಿ. ಪಟ್ಟಿಯಲ್ಲಿ ಎಷ್ಟು ತಳಮಳ ಆಗಬಹುದು ಅಂತ ನೂರಕ್ಕೆ ಅಂಕ ಹಾಕಿದ್ದಾಳೆ: ಚಪ್ಪಲಿ ಸ್ಟ್ಯಾಂಡ್ ಮುಟ್ಟುವುದಕ್ಕೆ 40, ಚಪ್ಪಲಿಯ ಅಟ್ಟೆ ಮುಟ್ಟುವುದಕ್ಕೆ 70, ಮುಟ್ಟಿದ ಕೈಯನ್ನು ದಿಂಬಿಗೆ ಒರೆಸುವುದಕ್ಕೆ 95. ಮೊದಲ ದಿನ ಸ್ಟ್ಯಾಂಡ್. ಥೆರಪಿಸ್ಟ್ ತಾನು ಮೊದಲು ಮುಟ್ಟುತ್ತಾರೆ. ಆಮೇಲೆ ಅವಳು, ಬೆರಳ ತುದಿಯಲ್ಲಿ. “ಪೂರ್ತಿ ಅಂಗೈ ಇಡಿ.” ಇಡುತ್ತಾಳೆ. ಎದೆ ಹೊಡೆದುಕೊಳ್ಳುತ್ತದೆ, ಕೈಯನ್ನು ಮೈಯಿಂದ ದೂರ ಹಿಡಿದು ನಿಲ್ಲುತ್ತಾಳೆ. “ಈಗ ಎಷ್ಟು?” “ಎಂಬತ್ತು.” ಪಟ್ಟಿಯಲ್ಲಿ ಬರೆದದ್ದರ ಎರಡರಷ್ಟು. ಸುಮ್ಮನೆ ಕೂರುತ್ತಾರೆ. “ಏನೂ ಆಗಲ್ಲ ಅಲ್ವಾ?” ಅಂತ ಅವಳು ಕೇಳಿದರೆ ಥೆರಪಿಸ್ಟ್ ಆಗಲ್ಲ ಅನ್ನುವುದಿಲ್ಲ, ಆ ಸಮಾಧಾನವೂ ಒಂದು ತೊಳೆಯುವಿಕೆಯೇ. “ಗೊತ್ತಿಲ್ಲ, ನೋಡೋಣ” ಅನ್ನುತ್ತಾರೆ. ಅರ್ಧ ಗಂಟೆ ಕಳೆದ ಮೇಲೆ ಐವತ್ತು. ಕೈ ತೊಳೆಯದೆಯೇ ಮನೆಗೆ ಹೋಗುತ್ತಾಳೆ. ಮನೆಯಲ್ಲಿ ದಿನಾ ಅದನ್ನೇ ಮಾಡಬೇಕು. ತಳಮಳ ಇಳಿಯಲಿ ಬಿಡಲಿ, ಅದನ್ನು ಹೊತ್ತುಕೊಂಡೇ ಊಟ ಮಾಡಬಹುದು, ಓದಬಹುದು ಅಂತ ಮೆದುಳಿಗೆ ಗೊತ್ತಾಗಬೇಕು.

ನೋಡಿ, ಇದಕ್ಕೂ “ಪಾಸಿಟಿವ್ ಆಗಿರಿ”ಗೂ ಎಷ್ಟು ದೂರ.

ನಿಜವಾಗಿ ಸೋತಿದೆಯಾ?

ಈಗ ಲೆಕ್ಕ ಹಾಕೋಣ. ಕನಿಷ್ಠ ಎರಡು ಮಾತ್ರೆಗಳನ್ನು, ತಡೆದುಕೊಳ್ಳಬಹುದಾದ ಹೆಚ್ಚಿನ ಡೋಸಿನಲ್ಲಿ, ತಲಾ ಹನ್ನೆರಡು ವಾರ ತೆಗೆದುಕೊಂಡಾಗಿದೆಯಾ? ಒಂದೂ ದಿನ ತಪ್ಪಿಸದೆ ಅಲ್ಲದಿದ್ದರೂ, ಬಹುಪಾಲು ದಿನ? ಇಆರ್‌ಪಿ ಗೊತ್ತಿರುವವರ ಹತ್ತಿರ ಹದಿನೈದು ಇಪ್ಪತ್ತು ಸಲವಾದರೂ ಕೂತು, ಮನೆಯಲ್ಲೂ ಮಾಡಿದ್ದಾಗಿದೆಯಾ? ಎರಡೂ ಆಗಿದ್ದರೆ ಮಾತ್ರ ಚಿಕಿತ್ಸೆಗೆ ಬಗ್ಗದ ಒಸಿಡಿ ಅನ್ನಬಹುದು.

ಆಗಲೂ ಒಮ್ಮೆ ರೋಗನಿರ್ಣಯವನ್ನೇ ತಿರುಗಿ ನೋಡುವುದು ಒಳ್ಳೆಯದು. ಜೊತೆಗೆ ಬೈಪೋಲಾರ್ (ಉನ್ಮಾದ, ಖಿನ್ನತೆ ಎರಡೂ ಬಂದು ಹೋಗುವ ಕಾಯಿಲೆ) ಇದ್ದರೆ ಈ ಮಾತ್ರೆಗಳು ಕೆಲವೊಮ್ಮೆ ಉನ್ಮಾದಕ್ಕೆ ತಳ್ಳುತ್ತವೆ, ಚಿಕಿತ್ಸೆಯ ದಾರಿಯೇ ಬದಲಾಗುತ್ತದೆ. ಕಣ್ಣು ಮಿಟುಕಿಸುವುದು, ಭುಜ ಕುಣಿಸುವುದು ಇಂಥ ಟಿಕ್ಸ್ ಇದ್ದವರಿಗೆ ಬೇರೆ ಔಷಧ ಸೇರಿಸಿದರೆ ಚೆನ್ನಾಗಿ ಹೊಂದಬಹುದು. ತೀವ್ರ ಖಿನ್ನತೆ ಇದ್ದವರಿಗೆ ಇಆರ್‌ಪಿ ಮಾಡಲು ಮೈಯಲ್ಲಿ ಶಕ್ತಿಯೇ ಇರುವುದಿಲ್ಲ, ಮೊದಲು ಅದನ್ನು ನೋಡಬೇಕು. ಆಟಿಸಂ, ಕುಡಿತ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಮುಂದಿನ ಮೆಟ್ಟಿಲುಗಳು

ಸಾಮಾನ್ಯವಾಗಿ ಮೊದಲು ಮಾತ್ರೆ ಬದಲಿಸುತ್ತಾರೆ. ಒಂದು ನಾಟದಿದ್ದರೆ ಅದೇ ಗುಂಪಿನ ಇನ್ನೊಂದು ನಾಟುವುದುಂಟು. ಅದೂ ಆಗದಿದ್ದರೆ ಕ್ಲೊಮಿಪ್ರಮಿನ್. ಒಸಿಡಿಗೆಂದು ಅಮೆರಿಕದಲ್ಲಿ ಮೊದಲು ಒಪ್ಪಿಗೆ ಸಿಕ್ಕಿದ್ದು ಈ ಹಳೆಯ ಔಷಧಕ್ಕೇ, 1989ರಲ್ಲಿ. ಒಳ್ಳೆಯ ಔಷಧ, ಆದರೆ ತಂಟೆ ಜಾಸ್ತಿ: ಬಾಯಿ ಒಣಗುವುದು, ಮಲಬದ್ಧತೆ, ಎದ್ದು ನಿಂತರೆ ತಲೆ ಸುತ್ತುವುದು, ತೂಕ. ಹೃದಯದ ಲಯದ ಮೇಲೂ ಕೈ ಆಡಿಸುವುದರಿಂದ ಇಸಿಜಿ ನೋಡುತ್ತಾರೆ. ದಿನಕ್ಕೆ 250 ಮಿಲಿಗ್ರಾಂ ದಾಟಿಸುವುದಿಲ್ಲ, ಫಿಟ್ಸ್ ಬರುವ ಅಪಾಯ ಇದೆ.

ಇನ್ನೊಂದು ಉಪಾಯ, ಈಗಿರುವ ಮಾತ್ರೆಯ ಜೊತೆ ಕಡಿಮೆ ಡೋಸಿನ ರಿಸ್ಪೆರಿಡೋನ್ ಅಥವಾ ಅರಿಪಿಪ್ರಜೋಲ್ ಸೇರಿಸುವುದು. ಮೂವರಲ್ಲಿ ಒಬ್ಬರಿಗೆ ಉಪಯೋಗ ಆಗಬಹುದು. ಮೆಡಿಕಲ್ ಶಾಪಿನವರು “ಇದು ಸ್ಕಿಜೊಫ್ರೇನಿಯಾ ಮಾತ್ರೆ” ಅಂದರೆ ಗಾಬರಿಯಾಗಬೇಡಿ, ಇಲ್ಲಿ ಕೊಡುವ ಕಾರಣ ಬೇರೆ. ತೂಕ, ಸಕ್ಕರೆ, ಕೂತಲ್ಲಿ ಕೂರಲಾಗದ ಚಡಪಡಿಕೆ ಇವುಗಳ ಮೇಲೆ ಕಣ್ಣಿಡಬೇಕು. ಒಂದೆರಡು ತಿಂಗಳಲ್ಲಿ ಏನೂ ವ್ಯತ್ಯಾಸ ಕಾಣದಿದ್ದರೆ ಅದನ್ನು ಮುಂದುವರಿಸಲು ಕಾರಣ ಇಲ್ಲ. ವರ್ಷಗಟ್ಟಲೆ ಸುಮ್ನೆ ಚೀಟಿಯಲ್ಲಿ ಉಳಿದುಬಿಡುವುದು ಮಾತ್ರ ನಡೆಯುತ್ತಲೇ ಇರುತ್ತದೆ.

ಇದರ ಬಗ್ಗೆ 2013ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ಪ್ರತಿ ಮನೆಗೂ ಗೊತ್ತಿರಬೇಕು. ಮಾತ್ರೆ ತೆಗೆದುಕೊಂಡೂ ಸಾಕಷ್ಟು ಗುಣ ಕಾಣದ 100 ಜನರನ್ನು ಆರಿಸಿಕೊಂಡರು. ಮಾತ್ರೆ ಹಾಗೇ ಮುಂದುವರಿಸಿ ಕೆಲವರಿಗೆ ಇಆರ್‌ಪಿ, ಕೆಲವರಿಗೆ ರಿಸ್ಪೆರಿಡೋನ್, ಉಳಿದವರಿಗೆ ಔಷಧವಿಲ್ಲದ ಸಕ್ಕರೆ ಗುಳಿಗೆ ಸೇರಿಸಿದರು. ಯೇಲ್-ಬ್ರೌನ್ ಅಂಕ ಕಾಲುಭಾಗವಾದರೂ ಇಳಿದವರನ್ನು ಎಣಿಸಿದಾಗ ಇಆರ್‌ಪಿ ಗುಂಪಿನಲ್ಲಿ ನೂರಕ್ಕೆ 80, ರಿಸ್ಪೆರಿಡೋನ್‌ನಲ್ಲಿ 23, ಸಕ್ಕರೆ ಗುಳಿಗೆಯಲ್ಲಿ 15. ಎರಡನೆಯದಕ್ಕೂ ಮೂರನೆಯದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ನಮ್ಮಲ್ಲಿ ಆಗುವುದೇನು? ಮಾತ್ರೆ ನಾಟದಿದ್ದರೆ ಇನ್ನೊಂದು ಮಾತ್ರೆ, ಅದರ ಮೇಲೆ ಮತ್ತೊಂದು. ಇಆರ್‌ಪಿ ಬಲ್ಲವರು ಕಡಿಮೆ, ಹೊರರೋಗಿ ವಿಭಾಗದಲ್ಲಿ ವೈದ್ಯರಿಗೆ ಸಿಗುವುದು ಐದು ಹತ್ತು ನಿಮಿಷ. ಅವರನ್ನೂ ಪೂರ್ತಿ ದೂರಲಾಗುವುದಿಲ್ಲ.

ವಾರಕ್ಕೊಮ್ಮೆ ಮಾಡಿದ ಇಆರ್‌ಪಿ ಸಾಲದಿದ್ದರೆ ಅದನ್ನೇ ದಟ್ಟವಾಗಿ ಮಾಡಬಹುದು. ನಾರ್ವೆಯ ಬರ್ಗನ್‌ನಲ್ಲಿ ಸತತ ನಾಲ್ಕು ದಿನ, ದಿನವಿಡೀ ಇಆರ್‌ಪಿ ಮಾಡಿಸುವ ಪದ್ಧತಿ ಬೆಳೆದಿದೆ, ಒಳ್ಳೆಯ ಫಲಿತಾಂಶ ಬಂದಿದೆ. ನಮ್ಮಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಒಸಿಡಿಗೆಂದೇ ಪ್ರತ್ಯೇಕ ಕ್ಲಿನಿಕ್ ಇದೆ. ಮಾತ್ರೆಗೆ ಬಗ್ಗದವರನ್ನು ಒಳರೋಗಿಯಾಗಿ ಸೇರಿಸಿಕೊಂಡು ಕೆಲವು ವಾರ ಇಂಥ ಥೆರಪಿ ಮಾಡಿಸುವ ಅನುಭವವೂ ಅಲ್ಲಿದೆ. ಮನೆಯ ಬಚ್ಚಲು, ಮನೆಯ ಅಮ್ಮ ಇಲ್ಲದ ಜಾಗದಲ್ಲಿ ಶುರು ಮಾಡುವುದು ಕೆಲವರಿಗೆ ಸುಲಭ.

ವಾಂತಿಗೆ ಕೊಡುವ ಒಂಡಾನ್ಸೆಟ್ರಾನ್, ಮರೆವಿನ ಕಾಯಿಲೆಗೆ ಕೊಡುವ ಮೆಮಾಂಟಿನ್, ಫಿಟ್ಸ್‌ಗೆ ಕೊಡುವ ಲ್ಯಾಮೊಟ್ರಿಜಿನ್ ಇವನ್ನೂ ಜೊತೆಗೆ ಸೇರಿಸಿ ನೋಡುತ್ತಾರೆ. ಪುರಾವೆ ಇನ್ನೂ ತೆಳುವಾಗಿಯೇ ಇದೆ. ಕೆಟಮಿನ್, ಸಿಲೊಸೈಬಿನ್ ಬಗ್ಗೆ ಸುದ್ದಿ ಓದಿದ್ದರೆ, ಅವು ಸಂಶೋಧನೆಯ ಹಂತದಲ್ಲಿವೆ.

ಯಂತ್ರ, ಆಪರೇಷನ್

ಟಿಎಂಎಸ್ ಅಂದರೆ ತಲೆಯ ಮೇಲೆ ಸುರುಳಿ ಇಟ್ಟು ಕಾಂತೀಯ ಅಲೆಗಳಿಂದ ಮೆದುಳಿನ ನಿರ್ದಿಷ್ಟ ಭಾಗವನ್ನು ತಟ್ಟುವುದು. ಅರಿವಳಿಕೆ ಬೇಡ, ಎಚ್ಚರವಾಗಿಯೇ ಕೂತಿರುತ್ತೀರಿ. ಟಕ್ ಟಕ್ ಸದ್ದು, ನೆತ್ತಿಯ ಮೇಲೆ ಕುಕ್ಕಿದ ಹಾಗೆ ಅನ್ನಿಸುತ್ತದೆ. 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಡೀಪ್ ಟಿಎಂಎಸ್ ಎಂಬ ಬಗೆಯನ್ನು ಒಸಿಡಿಗೆ ಒಪ್ಪಿತು. ಅದಕ್ಕೆ ಆಧಾರವಾದ ಪ್ರಯೋಗದಲ್ಲಿ ಆರು ವಾರದ ಕೊನೆಗೆ ನೂರಕ್ಕೆ 38 ಜನರಿಗೆ ಗುಣ ಕಂಡಿತ್ತು. ಬರೀ ತೋರಿಕೆಗೆ ಯಂತ್ರ ಇಟ್ಟವರಲ್ಲಿ 11. ವಿಶೇಷ ಏನೆಂದರೆ ಪ್ರತಿ ಸಲ ಯಂತ್ರ ಶುರು ಮಾಡುವ ಮುಂಚೆ ರೋಗಿಯ ತಳಮಳವನ್ನು ಬೇಕೆಂದೇ ಕೆಣಕುತ್ತಾರೆ, ಕೊಳೆಯ ಹೆದರಿಕೆ ಇದ್ದವರಿಗೆ ಕೊಳೆ ಮುಟ್ಟಿಸಿ. ಆ ಜಾಲ ಎಚ್ಚರವಾಗಿರುವಾಗಲೇ ತಟ್ಟಬೇಕು ಅನ್ನುವ ಲೆಕ್ಕ. ಬೆಂಗಳೂರಿನಂಥ ಊರುಗಳಲ್ಲಿ ಟಿಎಂಎಸ್ ಈಗ ಸಿಗುತ್ತದೆ. ಆದರೆ ಎಲ್ಲ ಯಂತ್ರವೂ ಒಂದೇ ಅಲ್ಲ, ತಟ್ಟುವ ಜಾಗವೂ ಒಂದೇ ಅಲ್ಲ. “ಒಸಿಡಿ ಗ್ಯಾರಂಟಿ ಗುಣ” ಅನ್ನುವ ಜಾಹೀರಾತು ಕಂಡರೆ ಪರ್ಸ್ ಭದ್ರ ಮಾಡಿಕೊಳ್ಳಿ. ಯಾವ ಜಾಗಕ್ಕೆ, ಎಷ್ಟು ಸಲ, ನಾಟದಿದ್ದರೆ ಮುಂದೇನು ಅಂತ ಕೇಳಿ.

ಕರೆಂಟ್ ಕೊಡುವ ಚಿಕಿತ್ಸೆಯ ಬಗ್ಗೆಯೂ ಜನ ಕೇಳುತ್ತಾರೆ. ಇಸಿಟಿ ಒಸಿಡಿಗೆಂದು ಕೊಡುವುದಲ್ಲ. ಜೊತೆಗೆ ಜೀವಕ್ಕೆ ಅಪಾಯ ತರುವಂಥ ಖಿನ್ನತೆ ಇದ್ದರೆ ಅದಕ್ಕೆ ಕೊಡುತ್ತಾರೆ.

ಕೊನೆಯ ಮೆಟ್ಟಿಲು ಮೆದುಳಿನ ಶಸ್ತ್ರಚಿಕಿತ್ಸೆ. ಹೆಸರು ಕೇಳಿದರೇ ಮೈ ಜುಮ್ಮೆನ್ನುತ್ತದೆ, ಮೆದುಳಿನ ಮುಂಭಾಗದ ನರಗಳನ್ನೇ ಕತ್ತರಿಸುತ್ತಿದ್ದ ಹಳೆಯ ಕಾಲದ ಲೊಬಾಟಮಿಯ ನೆನಪು. ಈಗ ಮಾಡುವುದು ಕೆಲವೇ ಮಿಲಿಮೀಟರ್ ಅಗಲದ ಜಾಗದಲ್ಲಿ, ಸ್ಕ್ಯಾನ್ ನೋಡಿಕೊಂಡು. ಎರಡು ಬಗೆ. ಡಿಬಿಎಸ್‌ನಲ್ಲಿ ಮೆದುಳಿನೊಳಗೆ ತೆಳ್ಳಗಿನ ತಂತಿ ಇಳಿಸಿ, ಎದೆಯ ಚರ್ಮದ ಕೆಳಗೆ ಬ್ಯಾಟರಿ ಇಡುತ್ತಾರೆ. ಪಾರ್ಕಿನ್ಸನ್ ಕಾಯಿಲೆಗೆ ಮಾಡುವುದೂ ಇದೇ ತಂತ್ರ. ಒಸಿಡಿಗೆ ಇದನ್ನು ಮೊದಲು ಮಾಡಿ ವರದಿ ಮಾಡಿದ್ದು 1999ರಲ್ಲಿ ಬೆಲ್ಜಿಯಂನ ಲ್ಯೂವೆನ್ ತಂಡ. ಅಮೆರಿಕ 2009ರಲ್ಲಿ ಸೀಮಿತ ಒಪ್ಪಿಗೆ ಕೊಟ್ಟಿತು. ಬೇರೆ ಯಾವುದಕ್ಕೂ ಬಗ್ಗದವರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಜನರಿಗೆ ಗುಣ ಕಾಣುತ್ತದೆ. ಕರೆಂಟಿನ ಮಟ್ಟ ಬದಲಿಸಬಹುದು, ಬೇಡವೆಂದರೆ ನಿಲ್ಲಿಸಬಹುದು. ಖರ್ಚು ಮಾತ್ರ ಲಕ್ಷಗಳಲ್ಲಿ, ಬ್ಯಾಟರಿ ಆಗಾಗ ಬದಲಿಸಬೇಕು, ಹೊಂದಿಸಿಕೊಳ್ಳಲು ಪದೇ ಪದೇ ಆಸ್ಪತ್ರೆಗೆ ಬರಬೇಕು. ಇನ್ನೊಂದು ಬಗೆಯಲ್ಲಿ ಅತಿಯಾಗಿ ಓಡುತ್ತಿರುವ ಜಾಲದ ಒಂದು ಚಿಕ್ಕ ಜಾಗವನ್ನು ಸುಟ್ಟುಬಿಡುತ್ತಾರೆ. ಗಾಮಾ ನೈಫ್ ಆದರೆ ತಲೆಬುರುಡೆ ತೆರೆಯುವುದೇ ಇಲ್ಲ, ವಿಕಿರಣದಿಂದ ಕೆಲಸ. ಪರಿಣಾಮ ಗೊತ್ತಾಗಲು ತಿಂಗಳುಗಳು, ಕೆಲವರಿಗೆ ವರ್ಷವೇ ಹಿಡಿಯುತ್ತದೆ. ಸುಟ್ಟದ್ದನ್ನು ವಾಪಸ್ ತರಲಾಗದು.

ಯಾರಿಗೆ ಬೇಕಾದರೂ ಇದನ್ನು ಮಾಡುವುದಿಲ್ಲ. ವರ್ಷಗಟ್ಟಲೆ ಅತಿ ತೀವ್ರವಾಗಿದ್ದು, ಮೇಲೆ ಹೇಳಿದ ಎಲ್ಲ ಮೆಟ್ಟಿಲು ಹತ್ತಿ ಆಗಿರಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ರೋಗಿಯೇ ತಿಳಿದು ಒಪ್ಪಿಗೆ ಕೊಡಬೇಕು, ಸಂಬಂಧಪಟ್ಟ ಮಂಡಳಿಯ ಅನುಮತಿಯೂ ಬೇಕು. ಮನೆಯವರು ಸಹಿ ಹಾಕಿದರೆ ನಡೆಯುವುದಿಲ್ಲ. ಆಪರೇಷನ್ ಆದಮೇಲೂ ಇಆರ್‌ಪಿ ಬಿಡುವಂತಿಲ್ಲ. ಹಿಂದೆ ಮಾಡಲಾಗದೆ ಸೋತವರಿಗೆ ಅದು ಆಗ ಕೈಗೆ ಸಿಗುತ್ತದೆ ಅನ್ನುವುದೇ ಬಹಳ ಸಲ ಆಪರೇಷನ್ನಿನ ಲಾಭ.

ಎಲ್ಲಿಗೆ ಹೋಗುವುದು, ಏನು ಹಿಡಿದುಕೊಂಡು ಹೋಗುವುದು

ಎಲ್ಲರೂ ಬೆಂಗಳೂರಿಗೇ ಬರಬೇಕಿಲ್ಲ. ದೇಶದಾದ್ಯಂತ ನಡೆಯುತ್ತಿರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದೇ ನಮ್ಮ ಬಳ್ಳಾರಿಯಲ್ಲಿ ನಿಮ್ಹಾನ್ಸ್ ಮಾಡಿದ ಪ್ರಯೋಗದಿಂದ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಇರುತ್ತಾರೆ. ಮನೋಚೈತನ್ಯ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೂ ಮಂಗಳವಾರ ಬರುವ ಏರ್ಪಾಡಿದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ಮಾತ್ರೆಯ ಮೊದಲ ಎರಡು ಸುತ್ತು ಇಲ್ಲೆಲ್ಲ ಆಗುತ್ತದೆ. ಅಲ್ಲಿಗೂ ಬಗ್ಗದಿದ್ದರೆ ದೊಡ್ಡ ಕೇಂದ್ರಕ್ಕೆ ಬರೆಸಿಕೊಂಡು ಬನ್ನಿ. ಬದುಕೇ ಬೇಡ ಅನ್ನಿಸುವ ಹೊತ್ತು ಬಂದರೆ ಕಾಯಬೇಡಿ. ಸರ್ಕಾರದ ಸಹಾಯವಾಣಿ ಟೆಲಿಮನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ವಿಮೆ ಇದ್ದವರು ಪಾಲಿಸಿ ತೆಗೆದು ನೋಡಿ. ದೇಹದ ಕಾಯಿಲೆಗೆ ಕೊಡುವ ಹಾಗೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು ಅಂತ ಅದೇ 2017ರ ಕಾಯ್ದೆ ಹೇಳುತ್ತದೆ. ಒಳರೋಗಿಯಾಗಿ ಸೇರುವುದಿದ್ದರೆ ಇದು ಉಪಯೋಗಕ್ಕೆ ಬರುತ್ತದೆ. ವಾರ ವಾರದ ಥೆರಪಿ ಫೀಸು ಹೆಚ್ಚಿನ ಪಾಲಿಸಿಗಳಲ್ಲಿ ಸಿಗುವುದಿಲ್ಲ.

ಮನೆಯವರಿಗೆ ಒಂದು ಕೆಲಸ ಇದೆ. “ತೊಳ್ಕೊಂಡೆ ಅಲ್ವಾ?” ಅಂತ ಮತ್ತೆ ಮತ್ತೆ ಕೇಳುವ ಮಗನಿಗೆ ಉತ್ತರ ಕೊಡುವುದನ್ನು ಒಂದೇ ದಿನ ನಿಲ್ಲಿಸಿಬಿಟ್ಟರೆ ಯುದ್ಧವಾಗುತ್ತದೆ. ಅವನ ಜೊತೆಯೇ ಕೂತು, ಥೆರಪಿಸ್ಟ್ ಇದ್ದರೆ ಅವರ ಎದುರಿಗೆ, ಒಂದೊಂದಾಗಿ ಇಳಿಸುವ ಒಪ್ಪಂದ ಮಾಡಿಕೊಳ್ಳಿ. ಈ ವಾರ ರಾತ್ರಿ ಹತ್ತರ ಮೇಲೆ ಉತ್ತರ ಇಲ್ಲ. ಮುಂದಿನ ವಾರ ಒಂದು ಪ್ರಶ್ನೆಗೆ ಒಂದೇ ಸಲ ಉತ್ತರ. ಅವನು ಮತ್ತೆ ಕೇಳಿದಾಗ “ನಿಂಗೆ ಕಷ್ಟ ಆಗ್ತಿದೆ ಅಂತ ಗೊತ್ತು ಕಣೋ, ಆದ್ರೆ ಇದಕ್ಕೆ ನಾನು ಉತ್ತರ ಹೇಳಲ್ಲ ಅಂತ ಮಾತಾಗಿದೆ ಅಲ್ವಾ” ಅಂದರೆ ಸಾಕು. ಬೈಯುವುದು, ಕೈ ಹಿಡಿದು ನಲ್ಲಿಯಿಂದ ಎಳೆಯುವುದು ಬೇಡ.

ಹೊಸ ವೈದ್ಯರ ಹತ್ತಿರ ಹೋಗುವಾಗ ಒಂದು ಹಾಳೆ ಸಿದ್ಧ ಮಾಡಿಕೊಳ್ಳಿ. ಇಲ್ಲಿಯವರೆಗೆ ತೆಗೆದುಕೊಂಡ ಪ್ರತಿ ಮಾತ್ರೆಯ ಹೆಸರು, ಅತಿ ಹೆಚ್ಚೆಂದರೆ ಎಷ್ಟು ಮಿಲಿಗ್ರಾಂ, ಎಷ್ಟು ವಾರ, ಯಾಕೆ ನಿಂತಿತು. ಬ್ರ್ಯಾಂಡ್ ಹೆಸರು ಬರೆದರೆ ಸಾಲದು, ಮಾತ್ರೆಯ ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರೂ ಬೇಕು. ಒಂದೇ ಔಷಧವನ್ನು ಮೂರು ಬ್ರ್ಯಾಂಡಿನಲ್ಲಿ ತೆಗೆದುಕೊಂಡು ಮೂರು ಔಷಧ ಸೋತಿದೆ ಅಂದುಕೊಂಡಿರುವವರಿದ್ದಾರೆ. ಥೆರಪಿ ಆಗಿದ್ದರೆ ಎಷ್ಟು ಸಲ, ಅಲ್ಲಿ ನಿಜವಾಗಿ ಏನು ಮಾಡಿಸಿದರು ಅಂತ ಒಂದು ಸಾಲು. ಹಳೆಯ ಚೀಟಿ ಕಳೆದುಹೋಗಿದ್ದರೆ ಮೆಡಿಕಲ್ ಶಾಪಿನವರ ಕಂಪ್ಯೂಟರಿನಲ್ಲಿ ನಿಮ್ಮ ಫೋನ್ ನಂಬರ್ ಹಾಕಿ ಹುಡುಕಿಸಿ, ಎರಡು ಮೂರು ವರ್ಷದ ಬಿಲ್ ಬಹಳ ಸಲ ಅಲ್ಲೇ ಸಿಗುತ್ತದೆ.